ಹುಳುಕಡ್ಡಿಗೆ ಎರಡು ಮನೆ

ತೊಂಬತ್ತರ ದಶಕದ ನಡುವಿನ ಆ ಮೂರು ವರ್ಷಗಳಲ್ಲಿ ಸರಿಯಾಗಿ ಒಣಗಿದ ಒಂದು ಬನಿಯನ್ ತೊಟ್ಟ ನೆನಪು ನನಗಿಲ್ಲ. ಬ್ಯಾಂಕು ನನ್ನನ್ನು ಮೈಸೂರಿನಿಂದ ಕೊಚ್ಚಿಗೆ ಎತ್ತಿ ಹಾಕಿತ್ತು. ಹೆಂಡತಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಕೆಲಸ. ಅವಳೂ ಐದು ವರ್ಷದ ಮಗಳೂ ಅದೇ ಊರಿನ ಅಂಚಿನ ಕಳಕ್ಕೂಟಂನಲ್ಲಿದ್ದರು. ನಾನು ಕೊಚ್ಚಿಯ ಕಲೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಹಡಿ ಮನೆಯಲ್ಲಿ, ನನ್ನಂತೆಯೇ ವರ್ಗವಾಗಿ ಬಂದ ಮೂವರು ಕನ್ನಡದವರ ಜೊತೆ. ಶನಿವಾರ ಅರ್ಧ ದಿನ ಮುಗಿಸಿ ರೈಲು ಹತ್ತುವುದು, ಭಾನುವಾರ ಸಂಜೆ ವಾಪಸ್ಸು. ವಾರವಿಡೀ ಬದುಕುತ್ತಿದ್ದದ್ದೇ ಆ ಶನಿವಾರಕ್ಕಾಗಿ. ಬಾಗಿಲು ತೆರೆಯುತ್ತಲೇ ಮಗಳು ಕೊರಳಿಗೆ ಜೋತುಬಿದ್ದರೆ ಮಲಗುವವರೆಗೆ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ.

ಕಲೂರಿನ ಮನೆಯಲ್ಲೊಂದು ಪದ್ಧತಿಯಿತ್ತು. ವರ್ಗವಾಗಿ ಹೋಗುವವನು ಬರುವವನಿಗೆ ಸ್ಟವ್, ಬಕೆಟ್, ಸೊಳ್ಳೆಪರದೆ ಬಿಟ್ಟುಹೋಗಬೇಕು. ಬ್ಯಾಂಕಿನವರಲ್ಲವೇ, ಅದಕ್ಕೂ ‘ಚಾರ್ಜ್ ಕೊಡುವುದು’ ಎಂದೇ ಹೆಸರು. ನನಗೆ ಚಾರ್ಜ್ ಕೊಟ್ಟ ಧಾರವಾಡದವನು ಬಚ್ಚಲ ಕಿಟಕಿಯಲ್ಲಿ ಅರ್ಧ ಹಿಂಡಿಟ್ಟಿದ್ದ ಮುಲಾಮಿನ ಟ್ಯೂಬನ್ನೂ ತೋರಿಸಿದ.

“ಮಳಿಗಾಲದಾಗ ತೊಡಿ ಸಂದಿ ಕಡೀತದ್ರಿ. ಎರಡ ದಿನ ಇದನ್ನ ಹಚ್ಚ್ರಿ, ಗಪ್ ಆಗ್ತದ.”

ಗಪ್ ಆಯಿತು, ಸುಳ್ಳೇಕೆ ಹೇಳಲಿ. ಜೂನ್‌ನಲ್ಲಿ ಬಳೆಯ ಆಕಾರದ ಕೆಂಪು ಎದ್ದಿತು, ಹುಳುಕಡ್ಡಿ. ಎರಡು ದಿನ ಹಚ್ಚಿದೆ, ತುರಿಕೆ ನಿಂತಿತು, ಟ್ಯೂಬನ್ನು ಕಿಟಕಿಗೆ ಮರಳಿಸಿದೆ. ಹತ್ತು ದಿನಕ್ಕೆ ಮತ್ತೆ ಬಂತು, ಈ ಸಲ ಸೊಂಟದವರೆಗೆ. ನಾಲ್ವರದೂ ಇದೇ ಕಥೆ. ನಾಚಿಕೆಯಿಂದ ಯಾರೂ ಡಾಕ್ಟರ ಬಳಿ ಹೋಗಲಿಲ್ಲ. ಮೆಡಿಕಲ್ ಶಾಪಿನವನು ನಮ್ಮ ಮುಖ ಕಂಡರೆ ಸಾಕು, “ಆ ಟ್ಯೂಬಲ್ಲೇ, ಸಾರೇ?”, ಅದೇ ಟ್ಯೂಬ್ ತಾನೇ ಎಂದು ಮಲಯಾಳಂನಲ್ಲಿ ಕೇಳಿ ತಾನೇ ಎತ್ತಿ ಕೊಡುತ್ತಿದ್ದ. ಒಳಉಡುಪು ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಮನೆಯೊಡತಿಯ ಕಣ್ಣಿಗೆ ಬೀಳಬಾರದೆಂದು ಬಿಸಿಲಿಗೆ ಹಾಕದೆ, ಕೋಣೆಯ ಬಾಗಿಲ ಹಿಂದೆ ಒಂದೇ ಹಗ್ಗದ ಮೇಲೆ ನಾಲ್ವರೂ ಹರವುತ್ತಿದ್ದೆವು. ಮರ್ಯಾದಸ್ಥರು ನಾವು.

ಕೌಂಟರಿನಲ್ಲಿ ಗ್ರಾಹಕರೆದುರು ಹಲ್ಲು ಕಚ್ಚಿ ಕೂತು ಕೂತು ಸಾಕಾಗಿ ಹೋಗಿತ್ತು. ತುರಿಕೆಗಿಂತ ಅದನ್ನು ಮುಚ್ಚಿಡುವುದೇ ಹೆಚ್ಚು ದಣಿಸುತ್ತಿತ್ತು. ಹೆಂಡತಿ ಕೇಳಿದಾಗ ಬೆವರುಸಾಲೆ ಎಂದೆ.

ಎರಡನೆಯ ಮಳೆಗಾಲದ ಒಂದು ಶನಿವಾರ ಮಗಳ ಕೆನ್ನೆಯ ಮೇಲೆ ಸಣ್ಣದೊಂದು ಕೆಂಪು ಬಳೆ ಕಂಡೆ. ಅದು ಏನು, ಯಾರದು ಎಂದು ಆ ಕ್ಷಣವೇ ಗೊತ್ತಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಚೀಲದಿಂದ ಟ್ಯೂಬ್ ತೆಗೆದು ನನ್ನ ಬೆರಳಿನಿಂದಲೇ ಹಚ್ಚಿದೆ, ದಿನಾ ಹಚ್ಚು ಎಂದು ಹೆಂಡತಿಗೆ ಕೊಟ್ಟು ಬಂದೆ. ನಾಲ್ಕು ದಿನದಲ್ಲಿ ಕೆನ್ನೆ ತಿಳಿಯಾಯಿತಂತೆ. ಫೋನಿನಲ್ಲಿ ಕೇಳಿ ಬೀಗಿದೆ.

ತಿಂಗಳೊಳಗೆ ಅದು ಅರ್ಧ ಮುಖಕ್ಕೆ ಹರಡಿ ಕಣ್ಣಿನ ಅಂಚಿಗೆ ಬಂದಿತ್ತು. ಚರ್ಮ ತೆಳ್ಳಗಾಗಿ ಮಿರಿಮಿರಿ ಹೊಳೆಯುತ್ತಿತ್ತು. ತಿರುವನಂತಪುರದ ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಟ್ಯೂಬಿನ ಸಣ್ಣಕ್ಷರ ಓದಿ ಮೇಜಿನ ಮೇಲಿಟ್ಟರು. ಇದರಲ್ಲಿ ಹುಳುಕಡ್ಡಿಯ ಮದ್ದಿನ ಜೊತೆ ಸ್ಟೆರಾಯ್ಡ್ ಬೆರೆಸಿದ್ದಾರೆ, ತುರಿಕೆ ಅಡಗುತ್ತದೆ, ರೋಗ ಒಳಗೊಳಗೇ ಬೆಳೆಯುತ್ತದೆ ಎಂದರು. ಹೀಗೆ ಅರ್ಧಂಬರ್ಧ ಹಚ್ಚಿ ಬಿಟ್ಟವರೇ ದಿನಾ ಬರುತ್ತಾರೆ, ಮೊದಲು ಎರಡು ವಾರದಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಮಾತ್ರೆ ತಿಂದರೂ ಜಗ್ಗುವುದಿಲ್ಲ ಎಂದರು. ಬೈಯುವಷ್ಟು ತ್ರಾಣವೂ ಅವರಲ್ಲಿದ್ದಂತೆ ಕಾಣಲಿಲ್ಲ. ನನ್ನ ಮೈ ನೋಡಿದ ಮೇಲೆ, ಪೂರ್ತಿ ವಾಸಿಯಾಗುವವರೆಗೆ ಮಗುವನ್ನು ಎತ್ತಿಕೊಳ್ಳಬೇಡಿ ಎಂದರು.

ಆಟೋದಲ್ಲಿ ಹೆಂಡತಿ ನನ್ನನ್ನು ಬೈಯಲಿಲ್ಲ.

“ಆಫೀಸಲ್ಲಿ ಒಂದು ಬೋಲ್ಟ್ ಬಂದ್ರೂ ಮೂರು ಸಲ ಪರೀಕ್ಷೆ ಮಾಡಿಸ್ತೀನಿ. ನೀವು ಕೊಟ್ರಿ ಅಂತ ಇದನ್ನ ಓದ್ಲೂ ಇಲ್ಲ, ಮಗು ಮುಖಕ್ಕೆ ಹಚ್ಚಿಬಿಟ್ನಲ್ರೀ,” ಎಂದು ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಗಳಿಗೆ ಎರಡು ತಿಂಗಳಲ್ಲಿ ಗುಣವಾಯಿತು. ನನ್ನದು ಹೋಗಲಿಲ್ಲ. ಮಾತ್ರೆ ಬದಲಾಯಿಸಿದರು, ಆಮೇಲೆ ಇನ್ನೊಮ್ಮೆ. ಪ್ರತಿ ಶನಿವಾರ ಐದು ಗಂಟೆ ಕಾಲ ರೈಲಿನಲ್ಲಿ ಕೂತು ಬಂದು, ಓಡಿ ಬಂದ ಮಗುವಿಗೆ “ಬೇಡ ಮರಿ, ದೂರ ನಿಲ್ಲು” ಎನ್ನುವುದು. ಮೊದಮೊದಲು ಅಳುತ್ತಿದ್ದಳು. ಆಮೇಲೆ ಅಳುವುದನ್ನು ಬಿಟ್ಟಳು. ನಾನೋ, ಅಭ್ಯಾಸವಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಏಳನೆಯ ತಿಂಗಳು ಡಾಕ್ಟರು ಸಾಕು ಎಂದರು. ಆ ಶನಿವಾರ ಆಸ್ಪತ್ರೆಯಿಂದ ನೇರ ಮನೆಗೆ ಬಂದು, ಚೀಲ ಬಿಸಾಡಿ, ಹೊಸ್ತಿಲ ಬಳಿಯೇ ಮಂಡಿಯೂರಿ ಎರಡೂ ಕೈ ಚಾಚಿದೆ. ಮಗಳು ಒಂದು ಮಾರು ದೂರದಲ್ಲಿ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ವಾಸಿಯಾಯ್ತು ಪುಟ್ಟಿ. ಬಾ, ಈಗ ಮುಟ್ಟಬಹುದು.”

“ವೇಂಡ ಅಪ್ಪಾ,” ಬೇಡ ಎಂದಳು, ತನ್ನ ಮಲಯಾಳಂನಲ್ಲಿ. ನನ್ನ ಮುಖ ಹೇಗಾಯಿತೋ ಏನೋ, “ಸಾರಮಿಲ್ಲ,” ಪರವಾಗಿಲ್ಲ ಎಂದು ನನಗೇ ಸಮಾಧಾನ ಹೇಳಿ, ಆಡಲು ಒಳಗೆ ಹೋದಳು.