ತೋಳಿಗೆ ಪಟ್ಟಿ ಕಟ್ಟಿಸಿಕೊಂಡ ಅಕ್ಕ

ಜೋಳದ ಹಿಟ್ಟು ನಾದುವಾಗ ಅಕ್ಕನ ಮುಂಗೈಯಲ್ಲಿ ಒಂದು ನರ ಹಗ್ಗದಂತೆ ಉಬ್ಬಿ ನಿಲ್ಲುತ್ತಿತ್ತು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಖಾನಾವಳಿ; ಉಣ್ಣಲು ಬರುವವರಿಗೆಲ್ಲ ಅವರು ಅಕ್ಕ. ಸಾಕು ಎಂದವರ ತಟ್ಟೆಗೂ ಒಂದು ರೊಟ್ಟಿ ಹಾಕಿ, "ಇಷ್ಟೊತ್ತು ಹಾಕಿದ್ದು ನಿನ್ನ ಹಸಿವಿಗೆ, ಇದು ನನ್ನ ಸಮಾಧಾನಕ್ಕ" ಎನ್ನುವವರು.

ಎಂಜಿನಿಯರಿಂಗ್ ಕೊನೆಯ ವರ್ಷ ನಾನು ತೋಳಿಗೆ ಕಟ್ಟುವ ಪಟ್ಟಿಯೊಂದನ್ನು ಮಾಡಿದ್ದೆ. ಅದರ ಸೆನ್ಸರ್‌ಗಳು ಸ್ನಾಯುವಿನ ಸಣ್ಣ ವಿದ್ಯುತ್ ಮಿಡಿತ ಹಿಡಿದು ಬಲ ಎಷ್ಟೆಂದು ಹೇಳಬೇಕು. ಲಕ್ವ ಹೊಡೆದು ಚೇತರಿಸಿಕೊಳ್ಳುವವರಿಗಾಗಿ ಅದು. ಪರೀಕ್ಷಿಸಲು ಕಟ್ಟಿದಾಗ ಗೆಳತಿಯರ ತೋಳುಗಳು ಹತ್ತೇ ನಿಮಿಷಕ್ಕೆ ಕೈಕೊಟ್ಟವು. ಇಂಡಿ ಊರಿನಿಂದ ಬಸ್ಸು ಹತ್ತಿ, ದಿನವಿಡೀ ಹಿಟ್ಟು ನಾದುವ ಅಕ್ಕನ ಬಳಿ ಹೋದೆ.

"ಇದೇನವ್ವಾ, ತಾಯಿತ?"

"ಅಲ್ರಿ ಅಕ್ಕಾರ, ನಿಮ್ಮ ಶಕ್ತಿ ಅಳೀತೈತ್ರಿ."

"ಹಂಗಾದ್ರ ಬಿಗಿಯಾಗಿ ಕಟ್ಟು. ಕಡಿಮಿ ತೋರಿಸೀತು!"

ಅಕ್ಕ ನಾದಿದರು, ನಾದಿದರು. ಪಟ್ಟಿಗೆ ಜೋಡಿಸಿದ ಫೋನಿನಲ್ಲಿ ಗೆರೆ ಏರುತ್ತಲೇ ಹೋಯಿತು. "ಬಲ ಏರಾಕತ್ತೈತ್ರಿ!" ಎಂದು ಕುಣಿದೆ.

ಅಕ್ಕ ಕೈ ನಿಲ್ಲಿಸಿದರು. "ಎಲ್ಲಿ ಏರಾಕತ್ತೈತಿ? ನನ್ನ ಕೈ ಸೋತು ಸುಣ್ಣ ಆಗೇತಿ. ದಣಿದ ತೋಳು ಒದ್ದಾಡೂದು ಭಾಳ, ಒತ್ತೂದು ಕಡಿಮಿ. ನಿನ್ನ ಪಟ್ಟಿ ಒದ್ದಾಟಾನ ಶಕ್ತಿ ಅಂತ ತಿಳ್ಕೊಂಡೈತಿ, ತಂಗಿ."

ನನಗೆ ಸಿಟ್ಟೇ ಬಂತು. ಓದಿದವಳು ನಾನು! ಆದರೂ ಮರುದಿನ ಹಿಟ್ಟು ನಾದುವ ಪರಾತದ ಕೆಳಗೆ ಒತ್ತಡ ಅಳೆಯುವ ತಟ್ಟೆ ಇಟ್ಟೆ. ಅಕ್ಕ ದಣಿದಂತೆ ತಟ್ಟೆಯ ಅಂಕಿ ಇಳಿಯಿತು, ಪಟ್ಟಿಯ ಗೆರೆ ಮಾತ್ರ ಏರಿತು. ಸೋಲುತ್ತಿರುವ ಕೈಯನ್ನು ಗಟ್ಟಿಯಾಗುತ್ತಿದೆ ಎಂದು ರೋಗಿಗೆ ಹೇಳುವ ಯಂತ್ರ ಮಾಡಿದ್ದೆ. ಕಾಲೇಜಿನಲ್ಲಿ ತೋರಿಸಲು ಉಳಿದದ್ದು ನಾಲ್ಕೇ ದಿನ.

"ಅಳಬ್ಯಾಡ. ಹಿಟ್ಟು ಐತಿ, ಕೈ ಐತಿ, ಕಟ್ಟು" ಎಂದರು ಅಕ್ಕ. ಮೂರು ದಿನ ಅವರು ನಾದಿದರು. ದಣಿವನ್ನೂ ಗುರುತಿಸುವಂತೆ ನಾನು ಲೆಕ್ಕ ತಿದ್ದಿದೆ. ಖಾನಾವಳಿಯಲ್ಲಿ ರೊಟ್ಟಿಯ ಸುಗ್ಗಿ. ಉಂಡವರೆಲ್ಲ ನನ್ನನ್ನು ಹರಸಿಯೇ ಎದ್ದರು. ಮೂರನೆಯ ಸಂಜೆ ಪಟ್ಟಿಯ ಗೆರೆಯೂ ತಟ್ಟೆಯ ಗೆರೆಯೂ ಜೊತೆಯಾಗಿ ಇಳಿದಾಗ ಅಕ್ಕ, "ನಾ ಸೋತೆ, ನೀ ಗೆದ್ದಿ!" ಎಂದು ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಂಡಿದರು.

ಕಾಲೇಜಿಗೂ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ತಪ್ಪು ಹೇಗೆ ಸಿಕ್ಕಿತು ಎಂದು ಪರೀಕ್ಷಕರು ಕೇಳಿದಾಗ ಅವರತ್ತ ಕೈ ತೋರಿದೆ. ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದರು. "ನಂದೇನೈತ್ರಿ? ಈಕಿ ಕೇಳಿದ್ಲು, ನಾ ಹೇಳಿದೆ."

ನಿಜವೆಂದರೆ ನಾನು ಕೇಳಿರಲೇ ಇಲ್ಲ. ಈಗ ಯಾರ ತೋಳಿಗೆ ಪಟ್ಟಿ ಕಟ್ಟಿದರೂ, ಪರದೆ ನೋಡುವ ಮೊದಲು ಅವರ ಮುಖ ನೋಡಿ ಕೇಳುತ್ತೇನೆ: "ದಣಿವಾತೇನ್ರಿ?"