ಎರಡು ರಿಂಗಿಗೆ ಹೋದ ನೀರು

ಹೋದ ವಾರ ಮಧ್ಯಾಹ್ನ ನನ್ನ ಫೋನು ಎರಡು ಸಲ ರಿಂಗಾಗಿ ಕಟ್ಟಾಯ್ತು. ನಾನು ಶೇಂಗಾ ಸುಲಿಯಾಕತ್ತಿದ್ದೆ. ಹಂಗೇ ಸುಲಕೋತ ಕುಂತೆ.

ನಮ್ಮ ಗದ್ದಿ ನೀರು ಬ್ಯಾರೆಯವರ ಗದ್ದಿಗೆ ಹೋಗಿದ್ದು ಆವಾಗಲೇ.

ಕೆನಾಲ್ ಕೊನೀಗೆ ಗದ್ದಿ ಇದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳತೀನಿ. ನಮ್ಮ ಮರಿಗಾಲುವಿ ಊರಿಂದ ದೂರ ಅದ. ನೀರು ಬಿಟ್ಟಾಗ ಮೊದಲು ಗೇಟಿನ ಹತ್ತಿರದವರಿಗೆ, ಆಮ್ಯಾಲೆ ನಡುವಿನವರಿಗೆ, ಕಡೀಗೆ ನಮಗ. ನಮ್ಮ ಪಾಳಿ ಬಂದಾಗ ನಾವೇ ಅಲ್ಲಿದ್ದು ಒಡ್ಡು ಕಡಿದು ಹಾಯಿಸ್ಕೋಬೇಕು. ಬಿಸಿಲಾಗ ದಿನವಿಡೀ ಕಾಯ್ಕೋತ ಯಾರು ಕುಂದ್ರತಾರ? ಅದಕ್ಕ ಗೇಟಿನ ಪಕ್ಕದ ಗದ್ದಿ ಮಾನಪ್ಪ ನಮಗೆಲ್ಲ ಮಿಸ್ಡ್ ಕಾಲ್ ಕೊಡತಾನ. ಒಂದು ರಿಂಗಂದ್ರ ನೀರು ಬಂತು, ಓಡಿ ಬಾ. ಎರಡು ರಿಂಗಂದ್ರ ಗೇಟು ಬಂದ್, ಮನ್ಯಾಗ ಇರು.

ಫೋನ್ ಎತ್ತಿ ಮಾತಾಡಂಗಿಲ್ಲ. ಮಿಸ್ಡ್ ಕಾಲ್ ಎತ್ತಿದವರನ್ನ ನಮ್ಮೂರಾಗ, ಕರೀದೇ ಊಟಕ್ಕ ಬಂದವರಂಗ ನೋಡತಾರ. (ಈಗ ಮಾತು ಫುಕಟ್ ಅಂತ ಟಿವಿಯಾಗ ಬರತದ. ರೂಢಿಗೆ ಟಿವಿ ಗೊತ್ತಿಲ್ಲ.)

ಸಂಜಿಮುಂದ ನನ್ನ ಸೊಸಿ ರೇಣುಕಾ ಗದ್ದಿ ಕಡಿಂದ ಬಂದಳು. ಚಪ್ಪಲಿ ಸೈತ ಬಿಡಲಿಲ್ಲ.

"ಅತ್ತಿ, ನಮ್ಮ ಪಾಳಿ ನೀರು ಬಂದು ಹೋಗ್ಯಾದಂತ. ನಿನಗ ರಿಂಗ್ ಬರಲಿಲ್ಲೇನು?"

"ಬಂತು. ಎರಡು."

"ಎರಡು ಬಂದ್ರ ಮತ್ತ ನೀರು ಹೆಂಗ ಬಂತು?"

"ಅದನ್ನ ನನಗೇನು ಕೇಳತಿ? ನೀರಿಗೆ ಕೇಳು."

ಭತ್ತ ಹಾಲುಗಾಳು ಕಟ್ಟಾಕತ್ತದ. ಈ ಸಲ ನೀರು ತಪ್ಪಿದ್ರ ತೆನಿಯೆಲ್ಲಾ ಜೊಳ್ಳು. ಮರುದಿನ ಸಂಜೀಕ ಕೆನಾಲ್ ಬಂದ್ ಮಾಡತಾರ. ಮತ್ತ ಬಿಡೋದು ಯಾವಾಗೋ, ಬಿಡೋರಿಗೇ ಗೊತ್ತು. ಅಂದ್ರ ನನಗ ಉಳಿದಿದ್ದು ಒಂದೇ ಹಗಲು.

ಬೆಳಿಗ್ಗೆದ್ದು ಗೇಟಿಗೆ ಹೋದೆ. ಸೊಸಿ ಸಲಿಕಿ ಹಿಡಕೊಂಡು ಹಿಂದ ಬಂದಳು. ಮಾನಪ್ಪ ನಿನ್ನೆ ಕೆಂಭಾವಿ ಸಂತಿಗೆ ಹೋಗಿದ್ದನಂತ. ಹೋಗಾಗ ಹೆಂಡತಿ ತಮ್ಮ ಯಂಕೋಬನ್ನ ಗೇಟಿಗೆ ಕುಂದ್ರಿಸಿ ಹೋಗ್ಯಾನ. ಯಂಕೋಬ ಹುಣಸಗಿ ಕಡಿಯಾವ. ಅವನನ್ನೇ ಹಿಡಕೊಂಡು ಕೇಳಿದೆ.

"ನಾ ಕೊಟ್ಟೀನಲ್ಲಬೇ ಎರಡು ರಿಂಗು! ನೀನೇ ಬರಲಿಲ್ಲ."

"ಎರಡಂದ್ರ ಬಂದ್ ಅಲ್ಲೇನೋ?"

"ನಮ್ಮ ಕಡಿ ಎರಡಂದ್ರ ನೀರು ಬಂತಂತ. ಒಂದಂದ್ರ ಬಂದ್."

"ನಿಮ್ಮ ಕಡಿ ತೆಲಿ ಕೆಳಗ ಮಾಡಿ ನಡೀತೀರೇನು?"

"ನೋಡಬೇ ಯವ್ವಾ, ಒಂದು ರಿಂಗು ಯಾರರ ತಪ್ಪಿ ಒತ್ತಿದ್ರೂ ಹೋಗತದ. ಎರಡು ಕೊಡಬೇಕಂದ್ರ ಮನಸಿಟ್ಟು ಕೊಡಬೇಕು. ಒಳ್ಳೆ ಸುದ್ದಿಗೆ ಎರಡೇ ಬರಾಬರ್."

ಅವಾ ಅಂದದ್ದು ಬರಾಬರೇ ಇತ್ತು. ಅದಕ್ಕ ಬೈದೆ.

"ನನ್ನ ನೀರು ಎಲ್ಲಿ ಹೋಯ್ತು?"

"ಹಾಳಾಗಬಾರದಂತ ನಮ್ಮ ಮಾನಪ್ಪ ಮಾಮನ ಗದ್ದಿಗೇ ತಿರುವಿದೆ."

ಒಳ್ಳೆ ಹುಡುಗ. ನೀರಿನ ಮ್ಯಾಲೆ ಭಾಳ ಕಾಳಜಿ.

ನನ್ನ ಬಾಯಿ ಕೇಳಿ ಮಂದಿ ಕೂಡಿದರು. ಮಾನಪ್ಪ ಹೆಗಲ ಮ್ಯಾಲಿನ ಟವೆಲ್ ಝಾಡಿಸಿ ಅಂದ, "ಇದಕ್ಕೊಂದು ಸ್ಟ್ಯಾಂಡರ್ಡ್ ಮಾಡಬೇಕ್ರಿ. ಮ್ಯಾಲಿಂದ ಕೆಳಗಿನತನ ಎಲ್ಲರಿಗೂ ಒಂದೇ." ಎಲ್ಲರೂ ಹೌದ್ರಿ ಅಂದರು. ಇಷ್ಟು ಲಗೂನ ನಮ್ಮೂರ ಗಂಡಸರು ಯಾವ ಮಾತಿಗೂ ಒಪ್ಪಿದವರಲ್ಲ.

ಒಪ್ಪಿದ್ದು ಅಲ್ಲೀತನಕ ಮಾತ್ರ. ಸ್ಟ್ಯಾಂಡರ್ಡ್ ಬೇಕು, ಆದ್ರ ಅದು ತಮ್ಮದೇ ಆಗಿರಬೇಕು. ಮಾನಪ್ಪ ಹಳೇದೇ ಇರಲಿ ಅಂದ. ಯಂಕೋಬ ಹುಣಸಗಿದು ಛಲೋ ಅಂದ. ನಡುವಿನ ಗದ್ದಿಯವನೊಬ್ಬ, "ನಮ್ಮ ಮನ್ಯಾಗ ಎರಡು ರಿಂಗಂದ್ರ ಬುತ್ತಿ ತಗೊಂಡು ಬಾ ಅಂತ. ಈಗ ಬದಲಿ ಮಾಡಿದ್ರ ನಾ ಉಪವಾಸ ಸಾಯಬೇಕೇನು?" ಅಂತ ಕೇಳಿದ. ಅವನದೂ ಖರೇನೇ.

ರೇಣುಕಾ ಮೆಲ್ಲಕ ಬಾಯಿ ಬಿಟ್ಟಳು. "ಮೊದಲು ಇಲ್ಲಿ ಎರಡು ರಿಂಗು ಕೊಟ್ರ ಅಲ್ಲಿ ಎಷ್ಟು ಕೇಳತದ ನೋಡ್ರಿ."

"ಎರಡು ಕೊಟ್ರ ಎರಡೇ ಕೇಳತದ. ಮೂರು ಕೇಳಾಕ ಬಡ್ಡಿ ಬರತದೇನು?" ಅಂದ ಯಂಕೋಬ. ಎಲ್ಲರೂ ನಕ್ಕರು. ಆದ್ರೂ ಫೋನ್ ಕಿವಿಗೆ ಹಚ್ಚಿ, ಒಬ್ಬೊಬ್ಬರ ನಂಬರಿಗೂ ಎರಡು ರಿಂಗು ಎಣಿಸಿ ಎಣಿಸಿ ಕಟ್ ಮಾಡಿದ. ಮಾನಪ್ಪನ ಫೋನು ಎರಡು ಸಲ ಬಾರಿಸ್ತು. ನಿನ್ನೆ ಎರಡು ಬಾರಿಸಿದ್ದ ನನ್ನದು ಇವತ್ತು ಒಂದೇ ಸಲ. ಬುತ್ತಿಯವನ ಫೋನು ಬಾರಿಸಲೇ ಇಲ್ಲ. ಸ್ವಲ್ಪ ಹೊತ್ತಾದ ಮ್ಯಾಲೆ, ನಿಮಗ ಯಾರೋ ಫೋನ್ ಮಾಡಿದ್ದರು ಅಂತ ಮೆಸೇಜ್ ಬಂತು.

ಎಲ್ಲರೂ ತಮ್ಮ ತಮ್ಮ ಫೋನ್ ತಿರುವಿ ನೋಡಾಕತ್ತರು.

ಮೊದಲು ನಮ್ಮ ಕಡಿ ಇದ್ದದ್ದು ಒಂದೇ ಟವರು. ಎಲ್ಲರ ಕೈಯಾಗೂ ಒಂದೇ ಥರದ ಸಿಮ್ಮು. ಎಣಿಕಿ ಕೂಡತಿತ್ತು. ಈಗ ಒಬ್ಬೊಬ್ಬರದು ಒಂದೊಂದು ಕಂಪನಿ, ಒಂದೊಂದು ಥರದ ಫೋನು. ನಾವು ಎಣಿಸಾಕತ್ತಿದ್ದು ನಮ್ಮ ಕಿವಿಯಾಗಿನ ರಿಂಗು. ಆ ಕಡಿಯವರ ಕೈಯಾಗ ಎಷ್ಟು ಬಾರಿಸ್ತದಂತ ಯಾರು ನೋಡಿದ್ದರು? ಹಿಂಗಿದ್ರೂ ನಾವು ಒಂದು ಛಲೋನೋ ಎರಡು ಛಲೋನೋ ಅಂತ ಜಗಳಾಡಾಕತ್ತಿದ್ದೆವು.

ಮಾನಪ್ಪ ಗಂಭೀರ ಆದ. "ಇದು ಟೆಕ್ನಿಕಲ್ ಅದ. ಗಡಿಬಿಡಿ ಮಾಡೋದು ಬ್ಯಾಡ. ಮುಂದಿನ ಸಲ ನೀರು ಬಿಟ್ಟಾಗ ಒಂದು ಮೀಟಿಂಗ್ ಇಡೂಣು. ಎಲ್ಲಾರೂ ಸಾವಕಾಶ ವಿಚಾರ ಮಾಡೂಣು."

ಅವನ ಬೆನ್ನ ಹಿಂದ ನೀರು ಅವನ ಗದ್ದಿಗೆ ಗಳಗಳ ಹೋಗಾಕತ್ತಿತ್ತು.

ಅವನಿಗ್ಯಾಕ ಗಡಿಬಿಡಿ ಇರಬೇಕು? ನೀರು ಬಂದದೋ ಇಲ್ಲೋ ತಿಳಿಯಾಕ ಅವನಿಗೆ ಫೋನೇ ಬೇಕಾಗಿಲ್ಲ. ಕಣ್ಣು ತೆಗೆದ್ರ ಸಾಕು. ರಿಂಗು ತಪ್ಪಿದ್ರ ಹೋಗೋದು ನನ್ನ ನೀರು. ಹೋಗಿ ಸೇರೋದು ಅವನ ಗದ್ದಿಗೆ. ಇಂಥಾ ಸ್ಟ್ಯಾಂಡರ್ಡಿಗೆ ಅವಾ ಸಾಯೋತನ ಮೀಟಿಂಗ್ ಮಾಡತಾನ.

ನಾನು ಮುಂದ ಹೋದೆ. ಅವನ ಗದ್ದಿ ಬಾಯಿಗೆ ನೀರು ತಡಿಯೋ ಹಲಗಿ ಇಳಿಸಿ, ಅದರ ಮ್ಯಾಲಿನ ಕಲ್ಲಿನ ಮ್ಯಾಲೆ ಕುಂತೆ. ನೀರು ಮಾರಿ ತಿರುವಿ ಕೆಳಗ ಹೊಂಟಿತು. ರೇಣುಕಾಗ ಯಾರೂ ಹೇಳಬೇಕಾಗಲಿಲ್ಲ. ಸಲಿಕಿ ಹೊತ್ತು ನೀರಿನ ಸಂಗಾಟ ಓಡಿದಳು.

"ಯವ್ವಾ, ಏನು ಮಾಡಾಕತ್ತಿ? ಏಳು."

"ಸ್ಟ್ಯಾಂಡರ್ಡ್ ಆಗಲಿ, ಏಳತೀನಿ."

"ನನ್ನ ಭತ್ತ ಒಣಗತದಬೇ!"

"ನೀವು ಸಾವಕಾಶ ವಿಚಾರ ಮಾಡ್ರಿ."

ಮುದುಕಿ ರಟ್ಟಿ ಹಿಡಿದು ಎಳಿಯಾಕ ಯಾರಿಗೂ ಧೈರ್ಯ ಆಗಲಿಲ್ಲ. ಮುದುಕಿ ಆಗೋದ್ರಾಗ ಇದೊಂದು ಫಾಯದಾ ಅದ.

ನೀವು ನಂಬತಿರೋ ಇಲ್ಲೋ, ಚಾ ಕಾಸಿ ತರೋದ್ರಾಗ ತೀರ್ಮಾನ ಆಗಿತ್ತು. ರಿಂಗು ಎಣಿಸೋದು ಬಂದ್. ಫೋನ್ ಎತ್ತಬೇಕು, ಬಾಯಿಲೆ ಹೇಳಬೇಕು. ಕೆಳಗಿನವರು "ಹ್ಞೂಂ, ಹೊಂಟೆ" ಅನ್ನೋತನ ಮ್ಯಾಲಿನವರು ನೀರು ತಿರುವಂಗಿಲ್ಲ. ಎತ್ತಲಿಲ್ಲಂದ್ರ ಆಳು ಕಳಸಬೇಕು. ಈ ಕಡೀ ಮಾತು ಮಾನಪ್ಪನೇ ಹೇಳಿದ. ಟೆಕ್ನಿಕಲ್ ಏನೂ ಇರಲಿಲ್ಲ.

"ಈಗರ ಏಳಬೇ," ಅಂದ.

"ತಡಿ. ನನ್ನ ಸೊಸಿ ಹ್ಞೂಂ ಅನ್ನಲಿ."

ಅವಳು ಅನ್ನೋದ್ರಾಗ ಹೊತ್ತು ಇಳಿದಿತ್ತು. ಸಂಜೀಕ ಕೆನಾಲ್ ಬಂದಾಯ್ತು. ನಮ್ಮ ಕೆಳಗಿನ ಮಡಿಗಳಿಗೆಲ್ಲಾ ನೀರು ಸಿಕ್ತು. ಎತ್ತರದ ಮಡಿಗೆ ಏರಲಿಲ್ಲ. ಅಲ್ಲಿಂದು ಎಮ್ಮಿ ತಿಂತದ.

ಮೊನ್ನೆ ನನ್ನ ಫೋನಿನ ಬ್ಯಾಟರಿ ಹಾಕಿಸಾಕ ಶಹಾಪುರಕ್ಕ ಹೋಗಿದ್ದೆ. ಅಂಗಡಿಯಾವ ಫೋನ್ ತಿರುವಿ ಮುರುವಿ ನೋಡಿ, "ಇದಕ್ಕ ಬ್ಯಾಟರಿ ಬರಂಗಿಲ್ಲಬೇ. ಇದರ ನೆಟ್‌ವರ್ಕ್ ಸೈತ ಎಷ್ಟು ದಿನ ಇರತದೋ. ಬ್ಯಾರೆ ಫೋನ್ ತಗೋ," ಅಂದ.

"ಛಲೋ ಅದಲ್ಲೋ. ಯಾರು ಹಂಗ ಅಂದವರು?"

"ಮ್ಯಾಲೆ ಸ್ಟ್ಯಾಂಡರ್ಡ್ ಬದಲಿ ಆಗ್ಯಾವು."

"ಮ್ಯಾಲಂದ್ರ ಎಲ್ಲಿ? ಯಾದಗಿರಿಯಾಗೋ?"

ಅವಾ ನಕ್ಕ. "ದಿಲ್ಲಿಯಾಗಬೇ. ಅವರಿಗೂ ಇನ್ನೂ ಮ್ಯಾಲಿಂದ ಬರತದ. ಫಾರಿನ್ನಿನವರು ಕುಂತು ಮಾಡತಾರ, ಇವರು ಹಿಡಕೊಂಡು ನಮಗ ಕೊಡತಾರ."

ಅಂದ್ರ ದಿಲ್ಲಿನೂ ಯಾರದೋ ಕಾಲುವಿ ಕೊನೀಗೇ ಅದ ಅಂದಂಗಾಯ್ತು. ಹಂಗಿದ್ದ ಮ್ಯಾಲೆ ಕೊನಿಯವರ ಸಂಕಟ ಅವರಿಗ್ಯಾಕ ತಿಳಿಯವಲ್ದು?