ಗುಂಡುಕಲ್ಲಿನ ಜಾಗದಲ್ಲಿ ಕೂತವಳು

ನನ್ನ ಮೊಮ್ಮಗಳು ಪುಟ್ಟಿ ಇವತ್ತು ಕೆರೆ ಮಧ್ಯದಿಂದ ಮೀನು ತಂದಳು ಕಣ್ರೀ. ಒಂದು ಗಳಿಗೆ ಸುಮ್ಮನೆ ಕೂರದ ಹುಡುಗಿ, ಅವರಪ್ಪ ಗಾಳ ಎಳೆಯೋವರೆಗೂ ತೆಪ್ಪದಲ್ಲಿ ಅಲ್ಲಾಡದೆ ಕೂತಿದ್ದಳಂತೆ. ಆ ಜಾಗ ಒಂದು ಕಾಲಕ್ಕೆ ನನ್ನದು.

ಆಗ ಹೆಬ್ಬಗೋಡಿ ಸುತ್ತ ಬರೀ ರಾಗಿಹೊಲ. ನಮ್ಮನೆ ಹೊಸ್ತಿಲಲ್ಲಿ ನಿಂತರೆ ಕೆರೆ ಕಾಣ್ತಿತ್ತು. ನಾನು ಪುಟ್ಟಿಯಷ್ಟಿದ್ದ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಅಪ್ಪ ಬಿದಿರು ಹೆಣೆದು, ಗೋಣಿತಾಟು ಹೊದಿಸಿ, ಡಾಂಬರು ಬಳಿದು ಒಂದು ಪುಟ್ಟ ಹರಿಗೋಲು ಮಾಡಿದ. ವಾರವೆಲ್ಲ ಉಣ್ಣೋ ಮುದ್ದೆಗೂ ಡಾಂಬರಿನ ವಾಸನೆ. ನೀರಿಗಿಳಿಸಿದರೆ ಅದು ಅಪ್ಪ ಕೂತ ಕಡೆಗೇ ವಾಲ್ತಿತ್ತು. ಎದುರುಗಡೆ ಭಾರಕ್ಕಿರಲಿ ಅಂತ ಅವ್ವನ ಒರಳಿನ ಗುಂಡುಕಲ್ಲು ಎತ್ತಿಕೊಂಡು ಹೋದ.

ಕಲ್ಲು ವಾಪಸ್ ಬರೋವರೆಗೆ ಮಸಾಲೆ ಅರೆಯೋ ಹಾಗಿಲ್ಲ. ಸಾರು ಕುದಿಯೋ ಹೊತ್ತಿಗೆ ಮಕ್ಕಳೆಲ್ಲ ನಿದ್ದೆ.

"ನನ್ನ ಕಲ್ಲಿಗೆ ದೋಣಿ ಸವಾರಿ, ನನಗೆ ಒಲೆ ಹೊಗೆ," ಅಂತ ಅವ್ವ ಗೊಣಗೋಳು.

"ಅಪ್ಪ, ಕಲ್ಲಿನ ಬದಲು ನಾನು ಬರ್ತೀನಿ," ಅಂದೆ.

"ಕಲ್ಲು ಅಲ್ಲಾಡಲ್ಲ ಮಗಾ. ನಿನ್ನ ಕುಂಡೀಲಿ ಇರುವೆಗೂಡೈತೆ. ಬೋರಲಾದ್ರೆ ಇಬ್ರೂ ಮೀನಿಗೆ ಊಟ."

ಅವತ್ತಿಂದ ಹೊಸ್ತಿಲ ಮೇಲೆ ಕಲ್ಲಾಗಿ ಕೂರೋದೇ ನನ್ನ ಆಟ. ಕುಂಟೆಬಿಲ್ಲೆಗೆ ಕರೆದರೂ ಹೋಗಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಒಂದಿನ ಕೋಳಿ ಬಂದು ಕಾಲ್ಬೆರಳು ಕುಕ್ಕಿತು. ಕಣ್ಣಲ್ಲಿ ನೀರು ಬಂತೇ ಹೊರತು ಕಾಲು ಎಳಕೊಳ್ಳಲಿಲ್ಲ. ಅದನ್ನ ಅವ್ವ ನೋಡಿಬಿಟ್ಟಳು.

ಮುಂದಿನ ಸಲ ಅಪ್ಪ ಕಲ್ಲಿಗೆ ಬಂದಾಗ ಅವ್ವ ಅದರ ಮೇಲೆ ಸೆರಗು ಹರಡಿ ಕೂತಿದ್ದಳು. "ಇದನ್ನ ಕೊಡಾಕಿಲ್ಲ. ಅಗೋ, ಹೊಸ್ತಿಲ ಮೇಲೈತಲ್ಲ, ಆ ಕಲ್ಲು ತಗೊಂಡೋಗು."

ಕೆರೆ ಮಧ್ಯೆ ಅಪ್ಪ ಬಲೆ ಬೀಸಿದ. ಹರಿಗೋಲು ಜೋಲಿ ಹೊಡೀತು. ನೀರುಹಾವೊಂದು ಅಂಚಿಗೆ ಉಜ್ಜಿಕೊಂಡೇ ಹೋಯ್ತು. ನಾನು ಉಸಿರನ್ನೂ ಜೋರಾಗಿ ಬಿಡಲಿಲ್ಲ. ಬಲೇಲಿ ಗೆಂಡೆಮೀನು ಪಟಪಟ ಅಂದವು. ಅಪ್ಪ ಬೊಗಸೆಯಲ್ಲಿ ಕೆರೆ ನೀರು ಕುಡಿಸಿ, "ಕಲ್ಲಿಗಿಂತ ನೀನೇ ವಾಸಿ. ದಡ ಬಂತು, ಈಗ ಮಾತಾಡು," ಅಂದ. ಮನೆ ಸೇರೋವರೆಗೂ ನಾನು ಮಾತಾಡಿದ್ದೇ ಮಾತಾಡಿದ್ದು. ಅವ್ವ ನಾವು ಬರೋದನ್ನ ಹೊಸ್ತಿಲಿಂದಲೇ ಕಂಡು ಮಸಾಲೆ ಅರೆದಿಟ್ಟಿದ್ದಳು.

ಈಗ ನನ್ನ ಮಗ ಕಾರ್ಖಾನೆ ರಜೆ ದಿನ ತಾರಸಿ ಮೇಲೆ ಲಾರಿ ಟ್ಯೂಬು, ಹಲಗೆ, ಹಗ್ಗ ಹಾಕಿ ತೆಪ್ಪ ಕಟ್ಟಿದ. ನೀರಿಗಿಳಿಸಿದರೆ ಅದೂ ವಾಲ್ತಿತ್ತು. ಅವನು ಭಾರಕ್ಕೆ ಕಲ್ಲು ಹುಡುಕುವಾಗ ನಾನು ಪುಟ್ಟಿಗೆ ಕಲ್ಲಾಗಿ ಕೂರೋದು ಕಲಿಸಿದೆ.

"ಅಜ್ಜಿ, ಮೂಗು ಕೆರ್ಕೋಬೋದಾ?"

"ದಡಕ್ಕೆ ಬಂದ್ಮೇಲೆ."

ಇವತ್ತು ಮಗ ಕೆರೆ ಮೀನಿನ ಟೆಂಡರು ಹಿಡಿದವರನ್ನ ಕೇಳಿ, ಪುಟ್ಟಿಗೆ ನೀರಲ್ಲಿ ತೇಲಿಸೋ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ ಕರ್ಕೊಂಡು ಹೋದ. ಬರೋದು ಕಾಣುತ್ತೇನೋ ಅಂತ ನಾನು ತಾರಸಿ ಹತ್ತಿದೆ. ಸುತ್ತ ಬಾಡಿಗೆ ಮನೆಗಳು, ನಾವು ಕಟ್ಟಿಸಿದ್ದೂ ಸೇರಿ. ಕೆರೆ ಎಲ್ಲೂ ಕಾಣಲಿಲ್ಲ. ಬೊಗಸೆಯಲ್ಲಿ ಎತ್ತಿ ಕುಡಿಯೋ ಆ ನೀರೂ ಇಲ್ಲ, ಕುಡಿಸಿದ ಕೈಯೂ ಇಲ್ಲ. ಅಷ್ಟರಲ್ಲಿ ಮಗನ ಫೋನು, "ಅವ್ವ, ಮಸಾಲೆ ಅರೆದಿಡು." ಮಿಕ್ಸಿ ಮುಟ್ಟಲಿಲ್ಲ. ಅವ್ವನ ಗುಂಡುಕಲ್ಲಲ್ಲೇ ಅರೆದೆ.

ಸಂಜೆ ಮಗ, ಸೊಸೆ, ಪುಟ್ಟಿ, ನಾನು ನೆಲದ ಮೇಲೆ ಕೂತು ಮುದ್ದೆ ಮುರಿದೆವು. ಪುಟ್ಟಿ ಬಾಯಿ ಮುಚ್ಚಲೇ ಇಲ್ಲ.

"ಮುಳ್ಳು ಸಿಕ್ಕೊಳ್ತದೆ, ಸುಮ್ನೆ ಉಣ್ಣು," ಅಂದಳು ಸೊಸೆ.

"ಮಾತಾಡ್ಲಿ ಬಿಡಮ್ಮ," ಅಂದೆ. "ಮಗು ದಡಕ್ಕೆ ಬಂದೈತೆ."